ಬಾನೆಟ್ ಮೇಲಿನ ಗೋಣಿಚೀಲ

ನಮ್ಮ ಚಿಕ್ಕಪ್ಪನ ಎಡಗಾಲಿನ ಮೀನಖಂಡದ ಮೇಲೆ ಕೂದಲಿಲ್ಲ. ಬಲಗಾಲಿನ ಮೇಲೆ ಇದೆ. ಎಡಗಾಲಿನ ಚರ್ಮ ಕಪ್ಪಾಗಿ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರುಸಾಗಿದೆ. ಚಿಕ್ಕವನಿದ್ದಾಗ ನಾನು ಅದನ್ನು ಸುಟ್ಟ ಗಾಯ ಅಂದುಕೊಂಡಿದ್ದೆ. ಕೇಳಿದರೆ ಅವರು ನಗುತ್ತಿದ್ದರು. "ಒಂದಿನ ಸುಟ್ಟಿದ್ದಲ್ಲಪ್ಪ ಇದು, ಮೂವತ್ತು ವರ್ಷ ಬೆಂದಿದ್ದು" ಅನ್ನುತ್ತಿದ್ದರು.

ಚಿಕ್ಕಪ್ಪ ಲಾರಿ ಡ್ರೈವರ್. ಹಿರಿಯೂರಿನಲ್ಲಿ ಮನೆ. ಹದಿನಾರನೇ ವಯಸ್ಸಿಗೆ ಕ್ಲೀನರ್ ಆಗಿ ಹತ್ತಿದವರು ಐವತ್ತರ ಹತ್ತಿರ ಇಳಿದರು. ಈಗ ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಪೂರ್ತಿ ಕೇಳಿಸುವುದಿಲ್ಲ ಅಂತಲ್ಲ. ಮಾತಿನ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಊಟಕ್ಕೆ ಕೂತಾಗ ಚಿಕ್ಕಮ್ಮ "ಸಾರು ಹಾಕ್ಲಾ?" ಅಂದರೆ "ಯಾವ ಕಾರು?" ಅನ್ನುತ್ತಾರೆ. ಮೊದಮೊದಲು ಮನೆಯವರೆಲ್ಲ ನಗುತ್ತಿದ್ದೆವು. ಆಮೇಲೆ ಜಗಳ ಶುರುವಾಯಿತು. ಎಲ್ಲರೂ ಬಾಯೊಳಗೇ ಗೊಣಗುತ್ತಾರೆ ಎಂದು ಅವರ ಸಿಟ್ಟು, ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ ಎಂದು ಚಿಕ್ಕಮ್ಮನ ಸಿಟ್ಟು.

ನಾನು ದುರ್ಗದಲ್ಲಿ ಇತಿಹಾಸ ಪಾಠ ಮಾಡುವವನು. ಏಳು ಸುತ್ತಿನ ಕೋಟೆ, ಪಾಳೆಯಗಾರರು, 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಹೋದದ್ದು, ಇವನ್ನೆಲ್ಲ ವರ್ಷವರ್ಷವೂ ಹೇಳುತ್ತೇನೆ. ಆದರೆ ಕೋಟೆಯ ಮಗ್ಗುಲಲ್ಲೇ ಹಗಲೂ ರಾತ್ರಿ ಓಡುವ ಹೆದ್ದಾರಿಗೂ ಒಂದು ಚರಿತ್ರೆ ಇದೆ, ಅದು ನಮ್ಮ ಮನೆಯವರೊಬ್ಬರ ಮೈಮೇಲೆ ಬರೆದುಕೊಂಡಿದೆ ಎನ್ನುವುದು ಹೊಳೆದದ್ದು ಚಿಕ್ಕಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದ ದಿನ. ಎಡಗಾಲು ಮತ್ತು ಬಲಗಿವಿ: ಆ ಎರಡು ಗುರುತುಗಳನ್ನು ಹಿಡಿದು ಹಿಂದಕ್ಕೆ ನಡೆದರೆ ಎಲ್ಲಿಗೆ ಹೋಗುತ್ತೇವೆ ಎಂದು ನೋಡುವ ಪ್ರಯತ್ನ ಈ ಬರಹ.

*

ಹಿಂದಕ್ಕೆ ಹೋದರೆ ಮೊದಲು ಸಿಗುವ ವರ್ಷ 1897. ಆ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್‌ನ ಎಂಜಿನ್ ಅಧಿಕೃತ ಪರೀಕ್ಷೆಯಲ್ಲಿ ಗೆದ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರಿಗೆ ಎಂಜಿನ್ನಿನ ಹೊಗೆಯ ಸದ್ದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟ್ ಸಿಕ್ಕಿತು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಕಡೆಗಳಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಗದ್ದಲವೂ ಅದರ ಮದ್ದೂ ಹುಟ್ಟಿದವು. ಅದೇ ಹೊತ್ತಿಗೆ ನಮ್ಮ ಕಡೆ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟು ಕಟ್ಟುವ ಸಿದ್ಧತೆ ನಡೆದಿತ್ತು. ಮರುವರ್ಷ, 1898ರಲ್ಲಿ, ಅದರ ಕೆಲಸ ಶುರುವಾಯಿತು.

ಸೈಲೆನ್ಸರ್ ಮಾಡುವ ಕೆಲಸ ಸರಳ. ಸಿಲಿಂಡರಿನೊಳಗೆ ಉರಿದ ಅನಿಲ ಕವಾಟ ತೆರೆದ ಕೂಡಲೇ ಒತ್ತಡದಿಂದ ಹೊರಗೆ ಚಿಮ್ಮುತ್ತದೆ. ಒಂದೊಂದು ಚಿಮ್ಮೂ ಒಂದೊಂದು ಸಣ್ಣ ಪಟಾಕಿ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರ್ ಸಿಡಿಯುವುದರಿಂದ, ಸೆಕೆಂಡಿಗೆ 75 ಪಟಾಕಿ. ಈ ಅನಿಲವನ್ನು ಕಿರಿದಾದ ಕೊಳವೆಯಿಂದ ಅಗಲವಾದ ಡಬ್ಬಿಗೆ ಬಿಟ್ಟು, ತೂತುಗಳಿರುವ ಕೊಳವೆಗಳಲ್ಲಿ ಸುತ್ತಾಡಿಸಿ, ಅದರ ಆವೇಶ ಇಳಿಸಿ ಹೊರಗೆ ಕಳಿಸುವುದೇ ಸೈಲೆನ್ಸರ್. ಆದರೆ ಸದ್ದು ಇಳಿದರೂ ಬಿಸಿ ಇಳಿಯುವುದಿಲ್ಲ. ಭಾರ ಎಳೆಯುವ ಡೀಸೆಲ್ ಎಂಜಿನ್ನಿನಿಂದ ಹೊರಬೀಳುವ ಅನಿಲ ಸುಮಾರು 500 ಡಿಗ್ರಿ ಸೆಲ್ಸಿಯಸ್ ತನಕ ಕಾದಿರುತ್ತದೆ. ಡೀಸೆಲ್‌ನಲ್ಲಿರುವ ಶಕ್ತಿಯ ದೊಡ್ಡ ಪಾಲು ಚಕ್ರಕ್ಕೆ ಹೋಗದೆ ಹೀಗೆ ಬಿಸಿಯಾಗಿಯೇ ಕಳೆದುಹೋಗುತ್ತದೆ. ಆ ಬಿಸಿ ಎಲ್ಲಿಗೆ ಹೋಗಬೇಕು, ಯಾರ ಪಕ್ಕದಿಂದ ಹೋಗಬೇಕು ಎನ್ನುವುದೇ ಲಾರಿಯ ಚರಿತ್ರೆಯ ದೊಡ್ಡ ಪ್ರಶ್ನೆ.

*

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಹರಿಹರಕ್ಕೆ ಹೋಗುವ ದಾರಿ ಹಳೆಯದು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲೇ ಸೇತುವೆಯಾಗಿತ್ತು. ಆದರೆ ರೈಲು ಬಂದಾಗ ಅದು ಈ ದಾರಿ ಹಿಡಿಯಲಿಲ್ಲ. ತುಮಕೂರಿನಿಂದ ಪಶ್ಚಿಮಕ್ಕೆ ತಿರುಗಿ ಅರಸೀಕೆರೆ, ಬೀರೂರು, ಚಿಕ್ಕಜಾಜೂರಿನ ಮೇಲೆ ದಾವಣಗೆರೆಗೆ ಹೋಯಿತು. ಹೊಳಲ್ಕೆರೆ, ಹೊಸದುರ್ಗ ಸೀಮೆಗೆ ಅದರ ಅಂಚು ತಾಗಿತು. ಹಿರಿಯೂರು ಹೊರಗೇ ಉಳಿಯಿತು. ಹೀಗಾಗಿ ಹಿರಿಯೂರಿನ ಹತ್ತಿ, ಕಡಲೆಕಾಯಿ, ತೆಂಗು ಏನೇ ಆದರೂ ಮೊದಲು ಎತ್ತಿನ ಗಾಡಿ, ಆಮೇಲೆ ಲಾರಿ. ಸ್ವಾತಂತ್ರ್ಯದ ನಂತರ ಈ ದಾರಿಯೇ ರಾಷ್ಟ್ರೀಯ ಹೆದ್ದಾರಿ 4 ಆಯಿತು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ 13 ಅದನ್ನು ದುರ್ಗದಲ್ಲಿ ಅಡ್ಡ ಹಾಯ್ದು ಹೊಳಲ್ಕೆರೆಯ ಕಡೆ ಇಳಿಯಿತು. 2010ರಲ್ಲಿ ನಂಬರುಗಳು ಬದಲಾಗಿ 4 ಈಗ 48 ಆಗಿದೆ. ಚಿಕ್ಕಪ್ಪನ ಬಾಯಲ್ಲಿ ಅದು ಇನ್ನೂ "ಎನ್‌ಎಚ್ ಫೋರು".

ಆ ದಾರಿಯಲ್ಲಿ ಓಡಿದ ಲಾರಿಗಳ ಕತೆ 1954ರಲ್ಲಿ ತಿರುವು ಪಡೆಯಿತು. ಆ ವರ್ಷ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಲಾರಿಗಳನ್ನು ಕಟ್ಟತೊಡಗಿತು. ದಕ್ಷಿಣದಲ್ಲಿ ಮದ್ರಾಸಿನ ಅಶೋಕ್ ಲೇಲ್ಯಾಂಡ್ ಇತ್ತು. ಮೊದಲಿನ ಲಾರಿಗಳಿಗೆ ಉದ್ದ ಮೂಗು. ಎಂಜಿನ್ ಡ್ರೈವರಿನ ಮುಂದೆ, ಗೋಡೆಯ ಆಚೆ. ಆ ಮೂಗು ಎಷ್ಟು ಉದ್ದವೋ ಹಿಂದೆ ಸರಕು ತುಂಬುವ ಜಾಗ ಅಷ್ಟು ಕಡಿಮೆ. ಹಾಗಾಗಿ ಮೂಗು ಮೊಂಡಾಗುತ್ತ ಬಂತು. ಎಂಜಿನ್ ಅರ್ಧಕ್ಕರ್ಧ ಕ್ಯಾಬಿನ್ನಿನೊಳಗೆ ಬಂದು ಡ್ರೈವರ್ ಮತ್ತು ಕ್ಲೀನರ್ ನಡುವೆ ಕೂತಿತು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಕಂಡ 1210 ಎಸ್‌ಇ ಅಂಥದ್ದು. ಆ ಅಂಕಿಯಲ್ಲಿ ಮೊದಲಿನ ಎರಡು ಒಟ್ಟು ತೂಕ ಹೇಳುತ್ತವೆ, 12 ಟನ್. ಕೊನೆಯ ಎರಡು ಎಂಜಿನ್ನಿನ ಶಕ್ತಿ, ಸುಮಾರು ನೂರು ಕುದುರೆ. ಒಳಗೆ ಕೂತವನಿಗೆ ಎಷ್ಟು ಬಿಸಿ, ಎಷ್ಟು ಸದ್ದು ಎಂದು ಹೇಳುವ ಅಂಕಿ ಅದರಲ್ಲಿಲ್ಲ.

ಇನ್ನೊಂದು ವಿಷಯ. ಆಗ ಕಂಪನಿಯಿಂದ ಬರುತ್ತಿದ್ದದ್ದು ಲಾರಿ ಅಲ್ಲ, ಚಾಸಿ. ಎಂಜಿನ್, ಚಕ್ರ, ಸ್ಟೇರಿಂಗ್ ಮತ್ತು ಮುಂದಿನ ತಗಡು, ಅಷ್ಟೇ. ಕ್ಯಾಬಿನ್ ಕಟ್ಟುತ್ತಿದ್ದವರು ಊರಿನ ಬಡಗಿಗಳು, ವೆಲ್ಡಿಂಗ್‌ನವರು, ಪೇಂಟರುಗಳು. ಮರದ ಚೌಕಟ್ಟು, ಮೇಲೆ ತಗಡು, ದೇವರ ಪಟಕ್ಕೊಂದು ಗೂಡು. ಬಣ್ಣಕ್ಕೆ, ಕುಚ್ಚಿಗೆ, ಹಿಂದೆ ಬರೆಸುವ ಹೆಸರಿಗೆ ಮಾಲೀಕರು ಕಾಸು ಕೊಡುತ್ತಿದ್ದರು. ಎಂಜಿನ್ ಮತ್ತು ಕಾಲಿನ ನಡುವೆ ಬಿಸಿ ತಡೆಯುವ ಪದರಕ್ಕೆ ಕಾಸು ಕೊಡಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹೊಳೆದದ್ದು ಒಳಗೆ ಕೂತವರಿಗೆ. ಅವರು ಕಂಡುಕೊಂಡ ಉಪಾಯ ಗೋಣಿಚೀಲ. ನಾಲ್ಕು ಮಡಿಕೆ ಮಡಚಿ, ನೀರಲ್ಲಿ ಅದ್ದಿ ಬಾನೆಟ್ ಮೇಲೆ ಹಾಸುವುದು. ನೀರು ಆವಿಯಾಗುವಾಗ ಬಿಸಿ ಎಳೆದುಕೊಳ್ಳುತ್ತದೆ. ನಮ್ಮ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಲೆಕ್ಕವೇ ಇದು. "ಶಿರಾದಲ್ಲಿ ನೆನೆಸಿ ಹಾಸಿದ್ರೆ ಹಿರಿಯೂರು ಬರೋ ಹೊತ್ತಿಗೆ ಹಪ್ಪಳ ಆಗಿರ್ತಿತ್ತು" ಎನ್ನುತ್ತಾರೆ ಚಿಕ್ಕಪ್ಪ. ಕ್ಲೀನರ್ ಆಗಿದ್ದಾಗ ಅವರ ಮುಖ್ಯ ಕೆಲಸಗಳಲ್ಲಿ ಒಂದು ಆ ಚೀಲವನ್ನು ಒದ್ದೆಯಾಗಿ ಇಡುವುದು. ಇನ್ನೊಂದು ಉಪಾಯ ಹೊಗೆ ಕೊಳವೆಗೆ ಆಸ್‌ಬೆಸ್ಟಾಸ್ ಹಗ್ಗ ಸುತ್ತುವುದು. ಗ್ಯಾರೇಜಿನಲ್ಲಿ ಹಳೆಯ ಹಗ್ಗ ಬಿಚ್ಚುವಾಗ ಬಿಳಿ ಪುಡಿ ಹಾರುತ್ತಿತ್ತಂತೆ. ಬಾಯಿಗೆ ಬಟ್ಟೆ ಕಟ್ಟಿಕೊಂಡವರು ಯಾರೂ ಇರಲಿಲ್ಲ. ಆಸ್‌ಬೆಸ್ಟಾಸ್ ಎಳೆಗಳು ಶ್ವಾಸಕೋಶ ಹೊಕ್ಕರೆ ಏನಾಗುತ್ತದೆ ಎಂದು ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿ ಅದರ ಕಾರ್ಖಾನೆ ಕಾರ್ಮಿಕರಿಗೆ ರಕ್ಷಣೆ ಕೊಟ್ಟದ್ದು 1995ರ ಜನವರಿಯಲ್ಲಿ. ಆ ತೀರ್ಪು ಮರದ ಕೆಳಗಿನ ಗ್ಯಾರೇಜುಗಳ ತನಕ ಬರಲಿಲ್ಲ.

*

ಕಾನೂನು ಇರಲಿಲ್ಲವೆ? ಇತ್ತು. 1939ರ ಮೋಟಾರು ವಾಹನ ಕಾಯ್ದೆಯ ಜಾಗಕ್ಕೆ 1988ರ ಕಾಯ್ದೆ ಬಂದು, 1989ರ ಜುಲೈ 1ರಿಂದ ಜಾರಿಯಾಯಿತು. ಅದರ ಜೊತೆ ಬಂದ ಕೇಂದ್ರ ನಿಯಮಾವಳಿಯ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 113ನೇ ನಿಯಮ ಇನ್ನೂ ಸ್ವಾರಸ್ಯದ್ದು: ಹೊಗೆ ಕೊಳವೆ ಇಂಧನದ ಕೊಳವೆಯಿಂದ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದು. ಡೀಸೆಲ್‌ಗೆ ಬೆಂಕಿ ಹತ್ತಬಾರದಲ್ಲ! ಹೊಗೆ ಕೊಳವೆಗೂ ಡೀಸೆಲ್ ಕೊಳವೆಗೂ ಎಷ್ಟು ದೂರ ಇರಬೇಕು ಎಂದು ಬರೆದ ಕಾನೂನಿನಲ್ಲಿ, ಎಂಜಿನ್ನಿಗೂ ಮನುಷ್ಯನ ಕಾಲಿಗೂ ಎಷ್ಟು ದೂರ ಇರಬೇಕು ಎಂದು ಹುಡುಕಿದರೆ ನನಗೆ ಸಿಗಲಿಲ್ಲ.

112ನೇ ನಿಯಮ ಚಿಕ್ಕಪ್ಪನ ಬಲಗಿವಿಯ ಕತೆಗೆ ಹತ್ತಿರದ್ದು. ಹೊಗೆ ಕೆಳಕ್ಕೂ ಹೋಗಬಾರದು, ಎಡಕ್ಕೂ ಹೋಗಬಾರದು, ಬಲಕ್ಕೆ ಇಲ್ಲವೆ ಹಿಂದಕ್ಕೆ ಹೋಗಬೇಕು. ಕಾರಣ ಸ್ಪಷ್ಟ. ನಮ್ಮಲ್ಲಿ ಎಡಗಡೆ ಓಡಿಸುತ್ತೇವೆ, ರಸ್ತೆಯ ಎಡಬದಿಯಲ್ಲಿ ಜನ ನಡೆಯುತ್ತಾರೆ. ದಾರಿಹೋಕರ ಮುಖಕ್ಕೆ ಹೊಗೆ ಬಡಿಯಬಾರದು. ಒಳ್ಳೆಯ ನಿಯಮ. ಆದರೆ ಬಲಗಡೆ ಕೂತಿರುವವನು ಡ್ರೈವರ್. ಎಡಗಡೆ ಎಂಜಿನ್ನಿನ ಬಿಸಿ ತಾಳಲಾರದೆ ಅವನು ಬಲಗಡೆಯ ಕಿಟಕಿ ಸದಾ ತೆರೆದಿಡುತ್ತಾನೆ. ತೆರೆದ ಕಿಟಕಿಯಿಂದ ಗಾಳಿಯ ಜೊತೆ ಎದುರು ಬರುವ ಲಾರಿಗಳ ಸದ್ದೂ, ತನ್ನದೇ ಲಾರಿಯ ಸದ್ದೂ ಒಳಗೆ ಬರುತ್ತದೆ. ಬಿಸಿಯಿಂದ ತಪ್ಪಿಸಿಕೊಳ್ಳಲು ಕಿವಿ ಕೊಡಬೇಕು. ಕಿವಿ ಉಳಿಸಿಕೊಳ್ಳಲು ಬೇಯಬೇಕು. ವಾಹನದ ಸದ್ದನ್ನು ಪರೀಕ್ಷೆ ಮಾಡುವಾಗಲೂ ಅಷ್ಟೆ, ಅಳೆಯುವ ಮೈಕು ಇರುವುದು ಹೊರಗೆ, ವಾಹನದಿಂದ 7.5 ಮೀಟರ್ ದೂರದಲ್ಲಿ. ಅದು ದಾರಿಹೋಕನ ಕಿವಿ ಇರುವ ಜಾಗ.

ಡ್ರೈವರುಗಳ ತಪ್ಪೂ ಇತ್ತು ಎನ್ನುವವರಿದ್ದಾರೆ. ಸೈಲೆನ್ಸರ್ ತೂತು ಬಿದ್ದರೆ ಹಾಗೇ ಓಡಿಸುತ್ತಿದ್ದರು, ಕೆಲವರು ಒಳಗಿನ ಜಾಲರಿ ಕಿತ್ತೇ ಹಾಕಿಸುತ್ತಿದ್ದರು. ಇದನ್ನು ಚಿಕ್ಕಪ್ಪನಿಗೆ ಕೇಳಿದೆ. "ಸೈಲೆನ್ಸರ್ ಕಟ್ಕೊಂಡ್ರೆ ಗಾಡಿ ಎಳೆಯಲ್ಲ, ಡೀಸೆಲ್ ಕುಡೀತೈತೆ. ಓನರ್ ಕೇಳೋದು ಸದ್ದಿನ ಲೆಕ್ಕ ಅಲ್ಲಪ್ಪ, ಡೀಸೆಲ್ ಲೆಕ್ಕ" ಅಂದರು. ಅವರ ಮಾತು ಅರ್ಧ ನಿಜ. ಮಸಿ ಕಟ್ಟಿದ, ಒಳಗೆ ಮುರಿದ ಸೈಲೆನ್ಸರಿನಿಂದ ಅನಿಲ ಸರಾಗವಾಗಿ ಹೊರಹೋಗದೆ ಎಂಜಿನ್ ಬಿಸಿಯೇರುತ್ತದೆ, ಡೀಸೆಲ್ ಹೆಚ್ಚು ಬೇಕಾಗುತ್ತದೆ. ಅದಕ್ಕೆ ಹೊಸ ಸೈಲೆನ್ಸರ್ ಹಾಕಿಸಬೇಕು. "ಮುಂದಿನ ಟ್ರಿಪ್ಪಿಗೆ ನೋಡಣ" ಎಂದು ಮಾಲೀಕರು ಹೇಳಿದರೆ ಡ್ರೈವರ್ ಹಳೆಯದನ್ನೇ ಕೊಯ್ಯಿಸುತ್ತಿದ್ದ. ಖರ್ಚು ಮಾಲೀಕರದ್ದು ಉಳಿಯಿತು, ಕಿವಿ ಡ್ರೈವರಿನದು ಹೋಯಿತು.

ವಿಚಿತ್ರವೆಂದರೆ ಅವರ ವೃತ್ತಿಯ ಬಂಡವಾಳವೇ ಕಿವಿ. ಟ್ಯಾಪೆಟ್ ಸಡಿಲವಾಗಿದೆ, ನಾಜಲ್ ಸರಿಯಿಲ್ಲ, ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆ ಎನ್ನುವುದನ್ನು ಚಿಕ್ಕಪ್ಪ ಓಡಿಸುತ್ತಲೇ ಹೇಳುತ್ತಿದ್ದರಂತೆ.

*

2000ದ ನಂತರದ ಹತ್ತು ವರ್ಷ ನಮ್ಮ ಜಿಲ್ಲೆಯ ಸದ್ದೇ ಬೇರೆಯಾಯಿತು. ಚೀನಾಕ್ಕೆ ಕಬ್ಬಿಣದ ಅದಿರು ಬೇಕಿತ್ತು. ಬಳ್ಳಾರಿಯ ಹೆಸರು ದೊಡ್ಡದಾದರೂ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಬೆಟ್ಟಗಳಲ್ಲೂ ಅದಿರಿತ್ತು. ಚಿಕ್ಕಪ್ಪ ಊರೂರು ಸುತ್ತುವುದು ಬಿಟ್ಟು ಅದಿರಿನ ಲಾರಿಗೆ ಬಂದರು. ಮನೆಗೆ ಹತ್ತಿರ, ಟ್ರಿಪ್ಪಿನ ಲೆಕ್ಕದಲ್ಲಿ ಕೈತುಂಬ ಕಾಸು. ಭಾರ ಮಿತಿಮೀರಿದಷ್ಟೂ ಎಂಜಿನ್ ಹೆಚ್ಚು ಡೀಸೆಲ್ ಉರಿಸಬೇಕು, ಹೊಗೆ ಹೆಚ್ಚು ಕಾಯಬೇಕು, ಕಡಿಮೆ ಗೇರಿನಲ್ಲಿ ಚೀರಬೇಕು. ಮಿತಿಮೀರಿದ ಲೋಡಿಗೆ ವಿನಾಯಿತಿ ಕೊಡುವುದನ್ನು ಸುಪ್ರೀಂ ಕೋರ್ಟ್ 2005ರಲ್ಲೇ ತಡೆದಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2008ರಲ್ಲಿ ಮತ್ತು 2011ರ ಜುಲೈನಲ್ಲಿ ಕೊಟ್ಟ ವರದಿಗಳಲ್ಲಿ ಅಕ್ರಮ ಗಣಿಗಾರಿಕೆಯ ಜೊತೆ ಈ ಮಿತಿಮೀರಿದ ಲೋಡಿನ ಕತೆಯೂ ಇದೆ.

ನನ್ನ ತಾಯಿಯ ತವರು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅಜ್ಜಿಯ ಮನೆ ರಸ್ತೆಗೆ ಅಂಟಿಕೊಂಡಿತ್ತು. ರಾತ್ರಿಯಿಡೀ ಲಾರಿಗಳು. ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಡಿಕೆ ಗರಿಗಳ ಮೇಲೆ ಕೆಂಪು ಧೂಳು. ಅಜ್ಜಿ ಲಾರಿಯವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಹಬ್ಬಕ್ಕೆ ಚಿಕ್ಕಪ್ಪ ಬಂದರೆ, "ನಿನ್ನಲ್ಲಪ್ಪ, ಬೇರೆಯೋರ್ನ ಅಂದಿದ್ದು" ಎಂದು ಸಮಾಧಾನ ಹೇಳಿ ಹೋಳಿಗೆ ಬಡಿಸುತ್ತಿದ್ದಳು.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ರಂದು ಅದೇ ಆದೇಶ ಚಿತ್ರದುರ್ಗಕ್ಕೂ ತುಮಕೂರಿಗೂ ಬಂತು. ಅಜ್ಜಿಯ ಊರಿನಲ್ಲಿ ಲೋಟಗಳ ಸದ್ದು ನಿಂತಿತು. ಸಾಲ ಮಾಡಿ ಕೊಂಡ ಲಾರಿಗಳು ಪೆಟ್ರೋಲ್ ಬಂಕುಗಳ ಹಿಂದೆ, ಹೊಲಗಳ ಬದುವಿನಲ್ಲಿ ಸಾಲಾಗಿ ನಿಂತವು. ಕಂತು ಕಟ್ಟಲಾಗದ ಗಾಡಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಚಿಕ್ಕಪ್ಪ ಓಡಿಸುತ್ತಿದ್ದದ್ದೂ ಅಂಥದ್ದೇ ಒಂದು. ಅವರು ಮನೆಗೆ ಬಂದರು, ಮತ್ತೆ ಹತ್ತಲಿಲ್ಲ.

ಆಗಲೇ ಚಿಕ್ಕಮ್ಮ ಗಮನಿಸಿದ್ದು. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಚಿಕ್ಕಪ್ಪ ಎದ್ದು ಕೂರುತ್ತಿದ್ದರು. "ಹೊರಗೆ ಯಾರೋ ಗಾಡಿ ಆನ್ ಮಾಡಿಟ್ಟು ಹೋಗವ್ರೆ, ಆಫ್ ಮಾಡೋಕೆ ಹೇಳು" ಎನ್ನುತ್ತಿದ್ದರು. ಹೊರಗೆ ಯಾವ ಗಾಡಿಯೂ ಇರುತ್ತಿರಲಿಲ್ಲ. ಒಳಗಿವಿ ಜಖಂ ಆದವರಿಗೆ ಹೀಗೆ ಇಲ್ಲದ ಸದ್ದು ಕೇಳುತ್ತದೆ, ನಿಶ್ಶಬ್ದದಲ್ಲಿ ಜಾಸ್ತಿ ಕೇಳುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು.

*

ಕಿವಿ ಪರೀಕ್ಷೆಯ ಕಾಗದದ ಮೇಲೆ ಒಂದು ಗೆರೆ ಇತ್ತು. ದಪ್ಪ ಸದ್ದುಗಳ ಕಡೆ ಗೆರೆ ಮೇಲೆ ಇದ್ದು, 4000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಬಲಗಿವಿಯಲ್ಲಿ ಬಾವಿ ಹೆಚ್ಚು ಆಳ. ಗದ್ದಲದಿಂದ ಕೆಟ್ಟ ಕಿವಿಯ ರುಜು ಇದೇ ಎಂದರು ಡಾಕ್ಟರು. ಸ್ವರಗಳು ದಪ್ಪ ಸದ್ದು, ಅವು ಉಳಿಯುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ತೆಳು ಸದ್ದಿನಲ್ಲಿ, ಅವು ಮೊದಲು ಹೋಗುತ್ತವೆ. ಸಾರು ಕಾರಾದದ್ದು ಹಾಗೆ. ಚಿಕ್ಕಮ್ಮ ಆ ಕಾಗದವನ್ನು ಬಹಳ ಹೊತ್ತು ನೋಡಿದರು. "ನಾನು ಬೇಕಂತಲೇ ಅಂದ್ಕೊಂಡಿದ್ದೆ" ಅಂದರು. ಒಳಗಿವಿಯ ಸತ್ತ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ.

ಪರಿಹಾರ ಏನಾದರೂ ಸಿಗುತ್ತದೆಯೇ ಎಂದು ನಾನು ಕಾನೂನಿನ ಪುಸ್ತಕ ತೆರೆದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಗದ್ದಲದಿಂದಾದ ಕಿವುಡು ವೃತ್ತಿರೋಗ ಎಂದೇ ಇತ್ತು. ಆದರೆ ಒಬ್ಬನೇ ಮಾಲೀಕರ ಬಳಿ ಕನಿಷ್ಠ ಆರು ತಿಂಗಳು ಬಿಡದೆ ದುಡಿದದ್ದನ್ನು ತೋರಿಸಬೇಕಿತ್ತು. ಚಿಕ್ಕಪ್ಪನ ಬಳಿ ಇದ್ದದ್ದು ಲೈಸೆನ್ಸ್ ಮಾತ್ರ. ಹಾಜರಿ ಇಲ್ಲ, ಸಂಬಳದ ಚೀಟಿ ಇಲ್ಲ, ಬಾಯಿ ಮಾತಿನ ನೌಕರಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎನ್ನುತ್ತಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಚಿಕ್ಕಪ್ಪ ದುಡಿದ ಮಾಲೀಕರೆಲ್ಲ ಒಂದು ಲಾರಿಯವರು, ಎರಡು ಲಾರಿಯವರು. ಅವರೂ ಸಾಲಗಾರರೇ. ಯಾರ ಮೇಲೆ ದೂರು ಕೊಡುವುದು? ಪುಸ್ತಕ ಮುಚ್ಚಿದೆ.

ಗಣಿಗಳು ಮತ್ತೆ ತೆರೆದವು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಎಂದು ಮಿತಿ ಹಾಕಿತು. 2022ರಲ್ಲಿ ಆ ಮಿತಿ 1.5 ಕೋಟಿ ಟನ್ನಿಗೆ ಏರಿತು. ಬೆಟ್ಟದಿಂದ ಇಳಿದ ಅದಿರಿಗೆ ಹೀಗೆ ಟನ್ನಿನ ಲೆಕ್ಕ ಇದೆ. ಅದನ್ನು ಇಳಿಸಿದವರ ಕಿವಿಗೆ ಯಾವ ದಾಖಲೆಯಲ್ಲೂ ಲೆಕ್ಕ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಲಾರಿಯವರ ಮಕ್ಕಳು. ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಎಂದು ಅವರಿಗೆ ಹೇಳಲು ಶುರುಮಾಡಿದ್ದೇನೆ. ಅಪ್ಪನಿಗೆ ಕೇಳಿಸದಿದ್ದರೆ ಬರೆದು ತೋರಿಸಿ ಕೇಳಿ ಎಂದೂ ಹೇಳುತ್ತೇನೆ.

*

ಲಾರಿಗಳೂ ಬದಲಾಗಿವೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂತು. ಟರ್ಬೊ ಹೊಗೆಯ ವೇಗವನ್ನೇ ಬಳಸಿಕೊಂಡು ಸದ್ದಿನ ಮೊನೆ ಮುರಿಯುತ್ತದೆ. ಹೊಗೆಯ ಮಸಿ ಹಿಡಿಯಲು ಫಿಲ್ಟರ್, ವಿಷಾನಿಲ ಇಳಿಸಲು ಡ್ರೈವರುಗಳು 'ಯೂರಿಯಾ' ಎಂದು ಕರೆಯುವ ದ್ರವ. ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಸುಮಾರು 600 ಡಿಗ್ರಿ ಕಾಯುತ್ತದೆ, ಆದರೆ ಆ ಬಿಸಿ ಕ್ಯಾಬಿನ್ನಿನ ಹೊರಗೆ. ಕ್ಯಾಬಿನ್ ಕಂಪನಿಯಲ್ಲೇ ತಯಾರಾಗಿ ಬರುತ್ತದೆ. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ. ಏಸಿ ಎಂದರೆ ಬರೀ ತಂಪಲ್ಲ, ಬಲಗಡೆಯ ಕಿಟಕಿ ಮುಚ್ಚಬಹುದು.

ಕಳೆದ ಬೇಸಿಗೆಯಲ್ಲಿ ಪಕ್ಕದ ಬೀದಿಯ ಹುಡುಗನೊಬ್ಬ ಹೊಸ ಲಾರಿ ತಂದಿದ್ದ. ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಚಿಕ್ಕಪ್ಪನನ್ನು ಕೈಹಿಡಿದು ಹತ್ತಿಸಿ ಡ್ರೈವರ್ ಸೀಟಿನಲ್ಲೇ ಕೂರಿಸಿದ. ನಾನು ಎಡಗಡೆ ಕೂತೆ. ಕಿಟಕಿ ಮುಚ್ಚಿತ್ತು, ಏಸಿ ಓಡುತ್ತಿತ್ತು. ಚಿಕ್ಕಪ್ಪ ಸ್ಟೇರಿಂಗ್ ಸವರಿದರು. ರೂಢಿಯಂತೆ ಎಡಗೈ ಪಕ್ಕಕ್ಕೆ ಚಾಚಿ ಬಾನೆಟ್ ಹುಡುಕಿದರು, ಅಲ್ಲಿ ಬಾನೆಟ್ ಇರಲಿಲ್ಲ.

"ಸ್ಟಾರ್ಟ್ ಮಾಡೋ, ನೋಡಣ" ಅಂದರು.

"ಆಗಲೇ ಸ್ಟಾರ್ಟ್ ಆಗೈತಲ್ಲ ಅಂಕಲ್" ಅಂದ ಹುಡುಗ.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಹುಡುಗ ಹೇಳಿದ್ದನ್ನು ನಾನು ಜೋರಾಗಿ ಇನ್ನೊಮ್ಮೆ ಹೇಳಿದೆ. ಅವರು ಗೇರ್ ರಾಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅದುರು ಸಿಕ್ಕಿತೆಂದು ಕಾಣುತ್ತದೆ, ತಲೆ ಆಡಿಸಿದರು.

"ಗಾಡಿನೇ ಸದ್ದು ಮಾಡಲ್ವೋ, ನಂಗೇ ಕೇಳಲ್ವೋ?" ಎಂದು ಕೇಳಿದರು.

ಎರಡೂ ನಿಜವಾಗಿತ್ತು. ನಾನು ಮೊದಲನೆಯದನ್ನು ಮಾತ್ರ ಹೇಳಿದೆ.